ಜೀಪಿನ ಹಿಂಬದಿಗೆ ಹೆಚ್ಚುವರಿ ರಿವರ್ಸ್ ದೀಪ: ಅಳವಡಿಸುವ ಸರಿಯಾದ ಕ್ರಮ

ಕಾರ್ಖಾನೆಯಿಂದ ಬರುವ ರಿವರ್ಸ್ ದೀಪವನ್ನು ರೂಪಿಸಿರುವುದು ಊರಿನ ರಸ್ತೆಗಾಗಿ. ಬಲ್ಬ್ ಇರುವ ವಾಹನಗಳಲ್ಲಿ ಅದು ಸಾಮಾನ್ಯವಾಗಿ 16 ಅಥವಾ 21 ವ್ಯಾಟಿನದು. ವಾಹನ ಹಿಂದಕ್ಕೆ ಬರುತ್ತಿದೆ ಎಂದು ಇತರರಿಗೆ ತಿಳಿಸುವುದು ಮತ್ತು ಹತ್ತಿರದ ಗೋಡೆಯನ್ನೋ ಕಂಬವನ್ನೋ ಚಾಲಕನಿಗೆ ಕಾಣಿಸುವುದು ಅದರ ಕೆಲಸ. ಬೆಂಗಳೂರಿನ ಬೀದಿದೀಪಗಳ ಕೆಳಗೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಷ್ಟು ಬೆಳಕು ಸಾಕು. ಆದರೆ ಕನಕಪುರದಾಚೆಯ ಕಲ್ಲುದಾರಿಯಲ್ಲಿ ಅಥವಾ ಮಳೆಗಾಲದ ಸಕಲೇಶಪುರದ ಏರಿನಲ್ಲಿ ಚಕ್ರಗಳು ಹಿಡಿತ ತಪ್ಪಿ, ಹತ್ತಿದ ದಾರಿಯಲ್ಲೇ ಹಿಂದಕ್ಕೆ ಇಳಿಯಬೇಕಾಗಿ ಬಂದಾಗ, ಎಡಕ್ಕೆ ಕೊರಕಲಿದೆಯೋ ಬಲಕ್ಕೆ ಬಂಡೆಯಿದೆಯೋ ಎಂಬುದು ಆ ದೀಪದಿಂದ ತಿಳಿಯುವುದಿಲ್ಲ. ಜಿಮ್ನಿಯಂತಹ ವಾಹನದಲ್ಲಿ ಹಿಂದಿನ ದೀಪಗಳು ಬಂಪರಿನಲ್ಲೇ ಇರುವುದರಿಂದ ಕೆಸರು ಮೆತ್ತಿಕೊಂಡ ಮೇಲೆ ಇದ್ದ ಬೆಳಕೂ ಇಲ್ಲವಾಗುತ್ತದೆ.

ಹೆಚ್ಚುವರಿ ದೀಪ ಹಾಕುವುದು ಕಷ್ಟದ ಕೆಲಸವಲ್ಲ. ಅದನ್ನು ತಪ್ಪಾಗಿ ಹಾಕುವುದು ಇನ್ನೂ ಸುಲಭ ಎಂಬುದೇ ತೊಂದರೆ. ಮೂಲ ರಿವರ್ಸ್ ದೀಪದ ತಂತಿಯನ್ನು ಸೀಳಿ, ಹೊಸ ದೀಪದ ತಂತಿಯನ್ನು ಅದಕ್ಕೆ ಸುತ್ತಿ, ಟೇಪು ಹಚ್ಚಿ ಕಳುಹಿಸುವ ಪದ್ಧತಿ ಎಲ್ಲೆಡೆ ಇದೆ. ನಾನು ಒತ್ತಿ ಹೇಳಬೇಕಾದುದು ಇದನ್ನೇ: ಮೂಲ ತಂತಿಯಿಂದ ತೆಗೆದುಕೊಳ್ಳಬೇಕಾದುದು ಸೂಚನೆಯನ್ನು ಮಾತ್ರ, ಶಕ್ತಿಯನ್ನಲ್ಲ. ದೀಪವನ್ನು ಉರಿಸುವ ವಿದ್ಯುತ್ತು ಬ್ಯಾಟರಿಯಿಂದ ತನ್ನದೇ ಫ್ಯೂಸ್ ಮತ್ತು ರಿಲೇ (ಸಣ್ಣ ಸೂಚನೆ ಸಿಕ್ಕೊಡನೆ ದೊಡ್ಡ ವಿದ್ಯುತ್ತನ್ನು ಹರಿಯಬಿಡುವ ಸ್ವಿಚ್) ಮೂಲಕ ಬರಬೇಕು.

ಇದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. 21 ವ್ಯಾಟಿನ ಎರಡು ಬಲ್ಬ್‌ಗಳು 12 ವೋಲ್ಟಿನಲ್ಲಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. 18 ವ್ಯಾಟಿನ ಎರಡು ಎಲ್‌ಇಡಿ ದೀಪಗಳನ್ನು ಅದೇ ತಂತಿಗೆ ಸೇರಿಸಿದರೆ ಇನ್ನೂ 3 ಆಂಪಿಯರ್ ಹೊರೆ ಬೀಳುತ್ತದೆ. ಅಂದರೆ ವಾಹನ ತಯಾರಕರು ಎಣಿಸಿದ್ದಕ್ಕೆ ಹತ್ತಿರಹತ್ತಿರ ಎರಡರಷ್ಟು. ಹಳೆಯ ವಾಹನಗಳಲ್ಲಿ ಈ ಹೊರೆಯೆಲ್ಲ ಗೇರ್‌ಬಾಕ್ಸಿನ ಮೇಲಿರುವ ಸಣ್ಣ ರಿವರ್ಸ್ ಸ್ವಿಚ್ಚಿನ ಮೂಲಕವೇ ಹಾದು, ಕ್ರಮೇಣ ಅದರ ಕಾಂಟ್ಯಾಕ್ಟ್ ಸುಡುತ್ತದೆ. ಹೊಸ ವಾಹನಗಳಲ್ಲಿ ಆ ತಂತಿ, ದೀಪ ಮುಂತಾದವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಬಾಡಿ ಕಂಟ್ರೋಲ್ ಮಾಡ್ಯೂಲಿನಿಂದ ಬಂದಿರಬಹುದು. ಅದು ಕೆಟ್ಟರೆ ಆಗುವ ಖರ್ಚು ದೀಪದ ಬೆಲೆಯ ಹಲವು ಪಟ್ಟು. ರಿಲೇಯನ್ನು ಆನ್ ಮಾಡುವ ತಂತಿಸುರುಳಿ, ಅಂದರೆ ಕಾಯಿಲ್, ಕೇಳುವುದು 0.15ರಿಂದ 0.2 ಆಂಪಿಯರ್ ಮಾತ್ರ. ಮೂಲ ತಂತಿಗೆ ಅದು ಭಾರವೇ ಅಲ್ಲ.

ದೀಪದ ಆಯ್ಕೆ

ಹಿಂದಕ್ಕೆ ಹೋಗುವಾಗ ವೇಗ ಕಡಿಮೆಯಿರುತ್ತದೆ, ನೋಡಬೇಕಾದ ನೆಲ ಹತ್ತಿರದಲ್ಲಿರುತ್ತದೆ. ಆದ್ದರಿಂದ ದೂರಕ್ಕೆ ಚುಚ್ಚುವ ಸ್ಪಾಟ್ ದೀಪ ಇಲ್ಲಿ ಉಪಯೋಗಕ್ಕೆ ಬಾರದು. 60ರಿಂದ 90 ಡಿಗ್ರಿ ಅಗಲಕ್ಕೆ ಹರಡುವ ಫ್ಲಡ್ ದೀಪ ಬೇಕು. ಬಣ್ಣದ ಉಷ್ಣತೆ 4,000ರಿಂದ 4,500 ಕೆಲ್ವಿನ್ ಸುತ್ತಮುತ್ತ ಇದ್ದರೆ ಒದ್ದೆ ಮಣ್ಣು, ಕಲ್ಲು, ಎಲೆಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. 6,500 ಕೆಲ್ವಿನ್ನಿನ ನೀಲಿಛಾಯೆಯ ಬೆಳಕು ಅಂಗಡಿಯಲ್ಲಿ ಪ್ರಖರವಾಗಿ ಕಂಡರೂ ಮಂಜಿನಲ್ಲಿ ಕಣ್ಣಿಗೇ ಹಿಂದಿರುಗುತ್ತದೆ. ಡಬ್ಬಿಯ ಮೇಲೆ ಮುದ್ರಿಸಿದ ಲ್ಯೂಮೆನ್ ಸಂಖ್ಯೆಯನ್ನು ನಂಬಿ ಕೊಳ್ಳಬೇಡಿ. ದೀಪವನ್ನು ಕೈಯಲ್ಲಿ ಹಿಡಿದು ಅದರ ತೂಕ, ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳ ದಪ್ಪ, ಗಾಜಿನ ಸುತ್ತಲಿನ ರಬ್ಬರ್ ಸೀಲ್ ಇವುಗಳನ್ನು ನೋಡಿ, 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಅಳೆಸಿ ಕೊಳ್ಳುವುದು ಮೇಲು. ಹಳ್ಳ ದಾಟುವ ವಾಹನಕ್ಕೆ ಕನಿಷ್ಠ ಐಪಿ67 ದರ್ಜೆ ಬೇಕು. 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ನೀರು ಒಳಹೋಗಬಾರದು ಎಂಬುದು ಆ ದರ್ಜೆಯ ಪರೀಕ್ಷೆ.

ದೀಪ, ಬ್ರ್ಯಾಕೆಟ್, ರಿಲೇ ಮತ್ತು ಅದರ ಸಾಕೆಟ್ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತವೆ. ಮಲ್ಟಿಮೀಟರ್, ಹೀಟ್ ಶ್ರಿಂಕ್ ಕೊಳವೆ, ಕ್ರಿಂಪಿಂಗ್ ಇಕ್ಕಳ, ತಂತಿಗಳನ್ನು ಸೇರಿಸುವ ಜಲನಿರೋಧಕ ಕಪ್ಲರ್‌ಗಳಿಗೆ ಎಸ್.ಪಿ. ರಸ್ತೆ ಅನುಕೂಲ. ತಂತಿಯನ್ನು ಮಾತ್ರ ಮನೆಯ ವೈರಿಂಗಿನ ಅಂಗಡಿಯಿಂದ ತರದೆ, ಶಾಖ ಮತ್ತು ಎಣ್ಣೆಯನ್ನು ತಡೆಯುವ ವಾಹನದ ತಂತಿಯನ್ನೇ ಕೇಳಿ ಪಡೆಯಬೇಕು. 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 5 ಮೀಟರ್ ದೂರಕ್ಕೆ 3 ಆಂಪಿಯರ್ ಹರಿಸಿದರೆ ಕಳೆದುಹೋಗುವುದು ಸುಮಾರು 0.18 ವೋಲ್ಟ್, 0.5 ಚದರ ಮಿಲಿಮೀಟರಿನ ತೆಳು ತಂತಿಯಲ್ಲಿ ಅದೇ ನಷ್ಟ ಅರ್ಧ ವೋಲ್ಟ್ ದಾಟುತ್ತದೆ. ಸೂಚನೆಯ ತಂತಿಗೆ ಮಾತ್ರ ಈ ತೆಳುವಾದದ್ದು ಸಾಕು.

ಎಲ್ಲಿ ಕೂರಿಸಬೇಕು

ಥಾರ್, ಜಿಮ್ನಿ, ಗೂರ್ಖಾ ಮೂರರಲ್ಲೂ ಸ್ಟೆಪ್ನಿ ಹಿಂಬಾಗಿಲಿನ ಮೇಲೆ ತೂಗುತ್ತದೆ. ದೀಪವನ್ನು ಬಾಗಿಲಿಗೇ ಹಾಕಿದರೆ ಚಕ್ರದ ನೆರಳು ಬೀಳುತ್ತದೆ, ಬಾಗಿಲು ತೆರೆದು ಮುಚ್ಚುವಾಗಲೆಲ್ಲ ತಂತಿ ಬಾಗಿ ಕ್ರಮೇಣ ಒಳಗೇ ತುಂಡಾಗುತ್ತದೆ. ಬಂಪರಿನ ಉಕ್ಕಿನ ಭಾಗ ಅಥವಾ ಚಾಸಿಯ ಹಿಂತುದಿಯ ಅಡ್ಡಪಟ್ಟಿ ಇದಕ್ಕಿಂತ ಉತ್ತಮ ಸ್ಥಳ. ದೀಪವು ಬಂಪರಿನ ಕೆಳ ಅಂಚಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲ ಬಂಡೆಗೇ ಅದು ಬಲಿಯಾಗುತ್ತದೆ. ನಂಬರ್ ಪ್ಲೇಟನ್ನು ಮರೆಮಾಡಬಾರದು, ಪಾರ್ಕಿಂಗ್ ಸೆನ್ಸರುಗಳ ಮುಂದೆ ಬರಬಾರದು, ಸೈಲೆನ್ಸರಿನ ಬಾಯಿಂದ ಒಂದು ಗೇಣಾದರೂ ದೂರವಿರಬೇಕು. ರಿವರ್ಸ್ ಕ್ಯಾಮೆರಾ ಇದ್ದರೆ ದೀಪದ ಗಾಜು ಅದರ ನೋಟದೊಳಗೆ ಬಾರದಂತೆ ನೋಡಿಕೊಳ್ಳಿ, ಇಲ್ಲವಾದರೆ ಪರದೆಯ ಮೇಲೆ ಬಿಳಿ ಮಬ್ಬಿನ ಹೊರತು ಏನೂ ಕಾಣದು.

ರಂಧ್ರ ಕೊರೆಯುವ ಮೊದಲು ಲೋಹದ ಹಿಂದೆ ಏನಿದೆ ಎಂದು ಕೈಹಾಕಿ ನೋಡಬೇಕು. ಡೀಸೆಲ್ ಅಥವಾ ಪೆಟ್ರೋಲ್ ಕೊಳವೆ, ಬ್ರೇಕ್ ಕೊಳವೆ, ಮೂಲ ವೈರಿಂಗ್ ಎಲ್ಲವೂ ಚಾಸಿಯ ಪಕ್ಕದಲ್ಲೇ ಹಾದುಹೋಗಿರುತ್ತವೆ. ಚಾಸಿಯ ಉದ್ದ ತೊಲೆಗಳಿಗೆ ಹೊಸ ರಂಧ್ರ ಕೊರೆಯಲೇಬೇಡಿ. ಇರುವ ಬೋಲ್ಟನ್ನೇ ಬಳಸಿ ಬ್ರ್ಯಾಕೆಟ್ ಹಾಕುವುದು ಸಾಧ್ಯವಾದರೆ ಅದೇ ಶ್ರೇಷ್ಠ. ಬಂಪರಿನಲ್ಲಿ ಕೊರೆದ ರಂಧ್ರದ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ ಒಣಗಿಸಿದ ನಂತರ, ಸ್ಟೇನ್‌ಲೆಸ್ ಬೋಲ್ಟ್ ಮತ್ತು ನೈಲಾನ್ ಬಳೆಯಿರುವ ಲಾಕ್ ನಟ್ ಬಳಸಿ ಬಿಗಿಯಬೇಕು.

ವೈರಿಂಗ್

ಮೊದಲು ರಿವರ್ಸ್ ತಂತಿಯನ್ನು ಗುರುತಿಸಬೇಕು. ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ ಇಗ್ನಿಷನ್ ಮಾತ್ರ ಆನ್ ಮಾಡಿ ರಿವರ್ಸ್ ಗೇರ್ ಹಾಕಿ. ಹಿಂದಿನ ದೀಪದ ಕಪ್ಲರಿನಲ್ಲಿ ಮಲ್ಟಿಮೀಟರಿಗೆ ಸುಮಾರು 12 ವೋಲ್ಟ್ ಸಿಗುವ, ಗೇರ್ ತೆಗೆದೊಡನೆ ಸೊನ್ನೆಗೆ ಇಳಿಯುವ ತಂತಿಯೇ ನಮಗೆ ಬೇಕಾದುದು. ತಂತಿಯ ಬಣ್ಣವನ್ನು ನಂಬಬೇಡಿ, ಮಾದರಿಯಿಂದ ಮಾದರಿಗೆ ಅದು ಬದಲಾಗುತ್ತದೆ. ಬ್ಯಾಟರಿ ವೋಲ್ಟೇಜಿಗಿಂತ ಬಹಳ ಕಡಿಮೆ ಅಂಕಿ ತೋರಿದರೆ, ಮಾಡ್ಯೂಲ್ ಆ ದೀಪಕ್ಕೆ ತುಂಡುತುಂಡಾಗಿ ವಿದ್ಯುತ್ ಕೊಡುತ್ತಿರಬಹುದು; ಅಂಥದ್ದಕ್ಕೆ ಸಾಮಾನ್ಯ ರಿಲೇ ಜೋಡಿಸಿದರೆ ಅದು ಕಟಕಟನೆ ಬಡಿದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ, ಆ ಮಾದರಿಯನ್ನು ಬಲ್ಲ ಎಲೆಕ್ಟ್ರಿಷಿಯನ್ನರ ಸಲಹೆ ಪಡೆಯಿರಿ.

ತಂತಿ ಸಿಕ್ಕ ಮೇಲೆ ಇಗ್ನಿಷನ್ ಆರಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಡುವ ತಂತಿಗೆ, ಟರ್ಮಿನಲ್ಲಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರದಲ್ಲಿ ಫ್ಯೂಸ್ ಹೋಲ್ಡರ್ ಹಾಕಬೇಕು. ಫ್ಯೂಸ್ ಇರುವುದು ದೀಪವನ್ನು ಉಳಿಸಲು ಎಂದು ಹಲವರು ಭಾವಿಸುತ್ತಾರೆ; ಅದು ಉಳಿಸುವುದು ತಂತಿಯನ್ನು, ಆ ಮೂಲಕ ವಾಹನವನ್ನು. ಫ್ಯೂಸಿಗಿಂತ ಮೊದಲಿನ ತುಂಡು ಉಕ್ಕಿಗೆ ಉಜ್ಜಿ ಬೆತ್ತಲಾದರೆ ಅದನ್ನು ತಡೆಯುವವರು ಯಾರೂ ಇಲ್ಲ. 36 ವ್ಯಾಟಿನ ಜೋಡಿ ದೀಪಕ್ಕೆ 5 ಆಂಪಿಯರ್ ಫ್ಯೂಸ್ ಸರಿ. ಹೊತ್ತಿಸಿದ ಕ್ಷಣದ ಸೆಳೆತಕ್ಕೆ ಅದು ಹಾರಿದರೆ 7.5 ಹಾಕಬಹುದು. ಡಿಕ್ಕಿಯಲ್ಲಿರುವ 12 ವೋಲ್ಟ್ ಸಾಕೆಟ್ಟಿನಿಂದ ವಿದ್ಯುತ್ ತೆಗೆಯುವುದು ಸಮೀಪದ ದಾರಿಯಾಗಿ ಕಂಡರೂ, ಟೈರಿಗೆ ಗಾಳಿ ತುಂಬುವ ಯಂತ್ರವನ್ನೂ ಅದಕ್ಕೇ ಹಾಕುವವರಿಗೆ ಅದು ಒಪ್ಪುವುದಿಲ್ಲ.

ಪಾಸಿಟಿವ್ ತಂತಿಯನ್ನು ಸುರುಳಿ ಕೊಳವೆಯೊಳಗೆ ಸೇರಿಸಿ, ಮೂಲ ವೈರಿಂಗ್ ಹೋಗುವ ದಾರಿಯಲ್ಲೇ, ಒಂದೊಂದು ಗೇಣಿಗೆ ಕೇಬಲ್ ಟೈ ಕಟ್ಟುತ್ತ ಹಿಂದಕ್ಕೆ ಒಯ್ಯಬೇಕು. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಮೇಲೆಕೆಳಗೆ ಚಲಿಸುವ ಹಿಂದಿನ ಆಕ್ಸಲ್ ಇವುಗಳಿಂದ ದೂರವಿರಲಿ. ಲೋಹದ ರಂಧ್ರದ ಮೂಲಕ ಹಾಯುವಲ್ಲೆಲ್ಲ ರಬ್ಬರ್ ಗ್ರೊಮೆಟ್ (ರಂಧ್ರದ ಅಂಚಿಗೆ ತೊಡಿಸುವ ಬಳೆ) ಕಡ್ಡಾಯ.

ರಿಲೇಯನ್ನು ಹಿಂದಿನ ದೀಪದ ಹತ್ತಿರ, ಆದರೆ ನೀರು ತಾಗದಂತೆ ವಾಹನದ ಒಳಗೆ ಕೂರಿಸುವುದು ಸೂಕ್ತ. ಅದರ 30ನೇ ಪಿನ್ನಿಗೆ ಫ್ಯೂಸಿನಿಂದ ಬಂದ ಪಾಸಿಟಿವ್, 87ನೇ ಪಿನ್ನಿನಿಂದ ದೀಪಗಳಿಗೆ. 86ನೇ ಪಿನ್ನಿಗೆ ಮೂಲ ರಿವರ್ಸ್ ತಂತಿಯಿಂದ 1 ಆಂಪಿಯರಿನ ಚಿಕ್ಕ ಫ್ಯೂಸ್ ಮೂಲಕ ಸೂಚನೆ. 85ನೇ ಪಿನ್ ಅರ್ತಿಗೆ, ಅಂದರೆ ವಾಹನದ ಲೋಹದ ಮೈಗೆ, ಹೋಗಬೇಕು, ಆದರೆ ನೇರವಾಗಿ ಅಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸ್ವಿಚ್ ಹಾಕಿ ಅದರ ಮೂಲಕ ಹೋಗಬೇಕು. ಸ್ವಿಚ್ಚನ್ನು ಪಾಸಿಟಿವ್ ಕಡೆಗೆ ಹಾಕದೆ ಅರ್ತ್ ಕಡೆಗೆ ಹಾಕಲು ಕಾರಣವಿದೆ. ವಾಹನದ ಉದ್ದಕ್ಕೂ ಓಡುವ ಈ ತೆಳು ತಂತಿ ಎಂದಾದರೂ ಎಲ್ಲಾದರೂ ಉಜ್ಜಿ ಲೋಹಕ್ಕೆ ತಾಗಿದರೆ ಸ್ವಿಚ್ ಆನ್ ಆದಂತಾಗುತ್ತದೆ, ಅಷ್ಟೇ. ಯಾವ ಫ್ಯೂಸೂ ಹಾರುವುದಿಲ್ಲ, ಮೂಲ ರಿವರ್ಸ್ ದೀಪವೂ ಆರುವುದಿಲ್ಲ. ಕಾಯಿಲ್ ಕಡಿತಗೊಂಡಾಗ ಹಿಮ್ಮುಖವಾಗಿ ಹೊಮ್ಮುವ ವೋಲ್ಟೇಜ್ ಮಾಡ್ಯೂಲನ್ನು ಬಾಧಿಸದಂತೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಳಗೇ ಇರುವ ರಿಲೇ ತರುವುದು ಒಳ್ಳೆಯದು. ಅಂತಹ ರಿಲೇಯಲ್ಲಿ 86 ಪಾಸಿಟಿವ್ ಕಡೆಗೇ ಇರಬೇಕು, ಅದಲುಬದಲಾದರೆ ಡಯೋಡ್ ಸುಡುತ್ತದೆ.

ರಿವರ್ಸ್ ಗೇರ್ ಇಲ್ಲದೆಯೂ ದೀಪ ಹೊತ್ತಿಸುವ ಮೂರನೆಯ ಸ್ಥಾನದ ಸ್ವಿಚ್ಚನ್ನು ಕೆಲವರು ಕೇಳಿ ಹಾಕಿಸುತ್ತಾರೆ. ಬಿಡಾರ ಹೂಡುವಾಗ ಅನುಕೂಲವೆಂಬುದು ನಿಜ, ಆದರೂ ನಾನು ಅದನ್ನು ಒಪ್ಪುವುದಿಲ್ಲ. ಮರೆತು ಆನ್ ಮಾಡಿಕೊಂಡೇ ನೈಸ್ ರಸ್ತೆಯಲ್ಲಿ ಮುಂದಕ್ಕೆ ಸಾಗಿದರೆ, ಹಿಂದಿನ ಬೈಕ್ ಸವಾರನ ಕಣ್ಣಿಗೆ ಅಷ್ಟೂ ಬೆಳಕು ನೇರವಾಗಿ ಬೀಳುತ್ತದೆ.

ದೀಪಗಳ ಅರ್ತ್ ತಂತಿಯನ್ನು ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಲೋಹಕ್ಕೆ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಬಳೆ) ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೇ ನೇರವಾಗಿ ಜೋಡಿಸಬೇಡಿ. ಸ್ಟಾರ್ಟ್-ಸ್ಟಾಪ್ ಇರುವ ಅನೇಕ ವಾಹನಗಳಲ್ಲಿ ವಿದ್ಯುತ್ ಪ್ರಮಾಣ ಅಳೆಯುವ ಸೆನ್ಸರ್ ಅಲ್ಲೇ ಇರುತ್ತದೆ. ತಂತಿ ಕಚ್ಚಿಹಿಡಿಯುವ ಪ್ಲಾಸ್ಟಿಕ್ ಕ್ಲಿಪ್‌ಗಳು ಎಳೆಗಳನ್ನು ಕತ್ತರಿಸಿ ಒಳಗೆ ಕಿಲುಬು ಹಿಡಿಸುತ್ತವೆ. ಮೂಲ ಕಪ್ಲರಿಗೆ ಹೊಂದುವ ಕವಲು ವೈರಿಂಗ್ ಸಿಕ್ಕರೆ ತಂತಿ ಕತ್ತರಿಸದೆಯೇ ಕೆಲಸ ಮುಗಿಯುತ್ತದೆ, ವಾರಂಟಿಯ ತಕರಾರಿಗೂ ಆಸ್ಪದ ಕಡಿಮೆ. ಸಿಗದಿದ್ದರೆ ಬೆಸುಗೆ ಹಾಕಿ, ಅಂಟು ಲೇಪಿಸಿದ ಹೀಟ್ ಶ್ರಿಂಕ್ ತೊಡಿಸಿ, ಜೋಡಣೆ ಅಲುಗಾಡದಂತೆ ಕಟ್ಟಿಡಿ.

ಬೆಳಕಿನ ಕೋನ ಮತ್ತು ಕಾನೂನು

ದೀಪ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದು ಬೆಳಕಿನ ನಡುಭಾಗ 4 ಮೀಟರ್ ಹಿಂದೆ ನೆಲ ಮುಟ್ಟಬೇಕಾದರೆ ಅದನ್ನು ಸುಮಾರು 10 ಡಿಗ್ರಿ ಕೆಳಕ್ಕೆ ಬಾಗಿಸಬೇಕು. ಎರಡು ದೀಪಗಳಿದ್ದರೆ ಒಂದೊಂದನ್ನೂ ಸ್ವಲ್ಪ ಹೊರಕ್ಕೆ ತಿರುಗಿಸಿ. ಹಿಂದಿನ ಚಕ್ರಗಳು ತುಳಿಯಲಿರುವ ಜಾಗವೇ ನಮಗೆ ಮುಖ್ಯ. ಕತ್ತಲಾದ ಮೇಲೆ ಚಾಲಕನ ಆಸನದಲ್ಲಿ ಕುಳಿತು ಮೂರೂ ಕನ್ನಡಿಗಳಲ್ಲಿ ನೋಡದೆ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯಬೇಡಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದಲ್ಲಿ ಮಾಡುವ ಮಾರ್ಪಾಡುಗಳಿಗೆ ಮಿತಿ ಹಾಕಿದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕದ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು. ಹೆಚ್ಚುವರಿ ದೀಪವನ್ನು ಕಾಡುದಾರಿಯ ಸಲಕರಣೆಯೆಂದು ತಿಳಿದು, ಡಾಂಬರು ರಸ್ತೆಗೆ ಬಂದೊಡನೆ ಸ್ವಿಚ್ ಆರಿಸಿ, ಗಾಜಿನ ಮೇಲೆ ಕಪ್ಪು ಮುಚ್ಚಳ ಹಾಕಿಡುವುದು ಸರಿಯಾದ ನಡೆ. ಸಂದೇಹವಿದ್ದರೆ ಅಳವಡಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಬ್ಯಾಟರಿ ಜೋಡಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು, ದೀಪ ಉರಿಯುತ್ತಿರುವಾಗ ಬ್ಯಾಟರಿಯಲ್ಲೂ ದೀಪದ ಕಪ್ಲರಿನಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಮೊದಲು ಅರ್ತ್ ಜೋಡಣೆಯನ್ನು, ಆಮೇಲೆ ಲಗ್ಗುಗಳನ್ನು ಪರೀಕ್ಷಿಸಬೇಕು. ಹತ್ತು ನಿಮಿಷ ಉರಿದ ನಂತರ ಫ್ಯೂಸ್ ಹೋಲ್ಡರ್ ಮತ್ತು ರಿಲೇ ಸಾಕೆಟ್ ಮುಟ್ಟಿ ನೋಡಿ. 3 ಆಂಪಿಯರಿಗೆ ಅವು ಬಿಸಿಯಾಗಬಾರದು, ಬಿಸಿಯಾದರೆ ಪಿನ್ ಸಡಿಲವಿದೆ ಎಂದರ್ಥ. ಆಟೊಮ್ಯಾಟಿಕ್ ವಾಹನದಲ್ಲಿ ಪಾರ್ಕ್‌ನಿಂದ ಡ್ರೈವ್‌ಗೆ ಹೋಗುವಾಗ ದೀಪ ಒಮ್ಮೆ ಮಿನುಗುವುದು ದೋಷವಲ್ಲ. ಮೊದಲ ಕಲ್ಲುದಾರಿಯ ಪ್ರಯಾಣ ಮುಗಿಸಿ ಬಂದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿದು, ಗಾಜಿನ ಒಳಗೆ ಹಬೆ ಕಟ್ಟಿದೆಯೇ, ಆಕ್ಸಲ್ ಬಳಿಯ ಕೊಳವೆ ಎಲ್ಲಾದರೂ ಸವೆದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.