ಮನೆಯಲ್ಲಿ ಓದಿದ ಮಗುವನ್ನು ಕಾಲೇಜಿಗೆ ಅಣಿಗೊಳಿಸುವ ಬಗೆ

ಮೈಸೂರು ಮತ್ತು ಮಂಡ್ಯ ಸೀಮೆಯಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಈಗ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ನಗರದ ಕೆಲಸ ಬಿಟ್ಟು ತೋಟ ಮಾಡಲು ಬಂದವರಿದ್ದಾರೆ, ಶಾಲೆಯ ಒತ್ತಡಕ್ಕೆ ನಲುಗಿದ ಮಗುವನ್ನು ಬಿಡಿಸಿಕೊಂಡು ಬಂದವರಿದ್ದಾರೆ, ಸಂಗೀತಕ್ಕೋ ಕ್ರೀಡೆಗೋ ಹೆಚ್ಚು ಸಮಯ ಸಿಗಲೆಂದು ಈ ದಾರಿ ಹಿಡಿದವರೂ ಇದ್ದಾರೆ. ಇವರೆಲ್ಲರ ಮನಸ್ಸಿನಲ್ಲಿರುವ ಆತಂಕ ಒಂದೇ: ನಾಳೆ ಕಾಲೇಜಿನ ಮೆಟ್ಟಿಲು ಹತ್ತಿದಾಗ ಈ ಮಗು ನಿಭಾಯಿಸುತ್ತದೆಯೇ? ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಾಗಿ ನನಗೆ ಕಂಡದ್ದನ್ನು ಹೇಳುವುದಾದರೆ, ವಿಷಯವನ್ನು ಅರಿಯುವ ಮಟ್ಟಿಗೆ ಈ ಮಕ್ಕಳು ಯಾರಿಗೂ ಕಡಿಮೆ ಇರುವುದಿಲ್ಲ. ಆದರೆ ಪ್ರವೇಶಕ್ಕೆ ಬೇಕಾದ ದಾಖಲೆ ಮತ್ತು ಗೊತ್ತಾದ ಸಮಯದೊಳಗೆ ಬರೆದು ಮುಗಿಸುವ ರೂಢಿ, ಇವೆರಡು ತಾವಾಗಿ ಒದಗಿಬರುವುದಿಲ್ಲ. ರೂಢಿಯನ್ನು ಹದಿಮೂರನೇ ವಯಸ್ಸಿನಲ್ಲಿ ಆರಂಭಿಸಿದರೂ ಸಾಕು. ದಾಖಲೆಯ ಬಗೆಗಿನ ನಿರ್ಧಾರವನ್ನು ಮಾತ್ರ ಮಗುವಿಗೆ ಹತ್ತು ತುಂಬುವಷ್ಟರಲ್ಲಿ ಮಾಡಿರಬೇಕು.

ಮನೆಯಲ್ಲಿ ಕಲಿತವರು ಕಾಲೇಜಿನಲ್ಲಿ ಇತರರಿಗಿಂತ ಹೆಚ್ಚು ಅಂಕ ಗಳಿಸುತ್ತಾರೆಂದು ಅಮೆರಿಕದ ಅಧ್ಯಯನಗಳನ್ನು ಮುಂದಿಟ್ಟು ಹೇಳುವವರುಂಟು. 2010ರಲ್ಲಿ ಪ್ರಕಟವಾದ ಅಂಥದೊಂದು ಅಧ್ಯಯನ ಒಂದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಗಮನಿಸಿ, ಮೊದಲ ವರ್ಷದಲ್ಲಿ ಅವರ ಸರಾಸರಿ ಮೇಲಿದ್ದುದನ್ನು ತೋರಿಸಿತು. ಆದರೆ ಅಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಕಾಲೇಜಿನವರೆಗೆ ಬಂದು ತಲುಪಿದವರು ಮಾತ್ರ. ದಾರಿಯಲ್ಲೇ ನಿಂತುಹೋದವರು ಆ ಎಣಿಕೆಯಲ್ಲಿ ಇರುವುದಿಲ್ಲ. ಅಲ್ಲಿನ ಪ್ರವೇಶದ ಕ್ರಮವೂ ನಮ್ಮದಕ್ಕಿಂತ ತೀರ ಬೇರೆ. ಆದ್ದರಿಂದ ಆ ಅಂಕಿಗಳನ್ನು ನಂಬಿ ಇಲ್ಲಿ ನಿಶ್ಚಿಂತರಾಗಿ ಕೂರುವುದು ಸರಿಯಲ್ಲ.

ಏಳು ವರ್ಷದ ಲೆಕ್ಕ

ಮೊದಲಿಗೆ ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹತ್ತನೇ ಸೆಕ್ಷನ್‌ನಲ್ಲಿ ಹೇಳುತ್ತದೆ. ಸೇರಿಸದ ಪೋಷಕರಿಗೆ ಅದರಲ್ಲಿ ಶಿಕ್ಷೆಯ ಮಾತಿಲ್ಲ, ಮನೆಶಿಕ್ಷಣಕ್ಕೆ ಬಿಡಿಸಿ ಹೇಳಿದ ಮನ್ನಣೆಯೂ ಇಲ್ಲ. ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್ ಮಾತ್ರ ಇಂಥ ಕುಟುಂಬಗಳಿಗೆ ಬಹಳ ಉಪಯುಕ್ತ. ಶಾಲೆಯನ್ನೇ ಕಾಣದ ಮಗು ಯಾವ ಹಂತದಲ್ಲಿ ಬಂದರೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಅಂದರೆ ಹನ್ನೊಂದು ವರ್ಷದ ಮಗುವನ್ನು ನೇರವಾಗಿ ಆರನೇ ತರಗತಿಗೆ ಸೇರಿಸಲು ದಾರಿ ತೆರೆದೇ ಇದೆ.

ಆರನೇ ತರಗತಿ ಎಂದು ಸುಮ್ಮನೆ ಹೇಳಿದ್ದಲ್ಲ. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಎಂಜಿನಿಯರಿಂಗ್, ಕೃಷಿ ವಿಜ್ಞಾನದಂಥ ವೃತ್ತಿಪರ ಕೋರ್ಸ್‌ಗಳ ಸರ್ಕಾರಿ ಸೀಟು ಬಯಸುವವರು ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಓದಿರಬೇಕೆಂಬುದು ಅರ್ಹತೆಯ ಮುಖ್ಯ ನಿಯಮ. ಮನೆಯಲ್ಲಿ ಓದಿದ ವರ್ಷ ಈ ಏಳರಲ್ಲಿ ಸೇರುವುದಿಲ್ಲ, ಎಷ್ಟೇ ಚೆನ್ನಾಗಿ ಓದಿರಲಿ. ಐದನೇ ತರಗತಿಯ ವಯಸ್ಸಿನವರೆಗೆ ಮನೆಯಲ್ಲಿದ್ದು ಆರಕ್ಕೆ ಶಾಲೆ ಸೇರಿದರೆ ಆರರಿಂದ ಹನ್ನೆರಡಕ್ಕೆ ಸರಿಯಾಗಿ ಏಳು ವರ್ಷವಾಗುತ್ತದೆ. ಎಂಟಕ್ಕೆ ಸೇರಿಸಿದರೆ ಐದೇ ವರ್ಷ. ಹೈಸ್ಕೂಲಿಗೆ ಸೇರಿಸಿದರಾಯಿತು ಎಂದುಕೊಂಡಿದ್ದ ಪೋಷಕರು ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಈ ನಿಯಮ ಓದಿ ದಿಗಿಲುಬೀಳುವುದನ್ನು ಕಂಡಿದ್ದೇನೆ.

ಹಾಗೆಂದು ಅಲ್ಲಿಗೆ ಬಾಗಿಲು ಮುಚ್ಚಿತೆಂದಲ್ಲ. ಮಗು ಪ್ರಥಮ ಮತ್ತು ದ್ವಿತೀಯ ಪಿಯುಸಿಯನ್ನು ಕರ್ನಾಟಕದ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿ ತೇರ್ಗಡೆಯಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿದ್ದರೆ, ಅದನ್ನೂ ಅರ್ಹತೆಯಾಗಿ ಪರಿಗಣಿಸುವ ಪ್ರತ್ಯೇಕ ಕಲಮು ಇದೆ. ನಮ್ಮ ಭಾಗದ ಹೆಚ್ಚಿನ ತಂದೆತಾಯಿಗಳು ಇಲ್ಲಿನ ಶಾಲೆಗಳಲ್ಲೇ ಓದಿದವರಾದ್ದರಿಂದ ಹತ್ತನೇ ತರಗತಿವರೆಗೂ ಮನೆಯಲ್ಲಿ ಕಲಿತ ಮಗುವಿಗೆ ಇದೇ ಆಸರೆ. ಇದಕ್ಕಾಗಿ ಪೋಷಕರು ತಾವು ಓದಿದ ಶಾಲೆಗಳಿಗೆ ಹೋಗಿ ವ್ಯಾಸಂಗ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿಟ್ಟುಕೊಳ್ಳಬೇಕು. ಮೂವತ್ತು ವರ್ಷದ ಹಿಂದಿನ ದಾಖಲಾತಿ ಪುಸ್ತಕ ಹುಡುಕಿಸುವುದು ಒಂದು ದಿನದ ಕೆಲಸವಲ್ಲ. ಮಗು ಪ್ರಥಮ ಪಿಯುಸಿಯಲ್ಲಿರುವಾಗಲೇ ಇದನ್ನು ಮುಗಿಸಿಬಿಡುವುದು ಲೇಸು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿವರ್ಷ ಹೊರಡಿಸುವ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಕಲಮುಗಳನ್ನು ಆ ವರ್ಷದ ಮಟ್ಟಿಗೆ ಮತ್ತೊಮ್ಮೆ ಓದಿಕೊಳ್ಳುವುದೂ ಅಗತ್ಯ.

ಮಂಡ್ಯ ಜಿಲ್ಲೆಯ ಹಳ್ಳಿಗಳ ಕುಟುಂಬಗಳಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15ರಷ್ಟು, ಕನ್ನಡ ಮಾಧ್ಯಮದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಇವೆರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಶಾಲೆಯಲ್ಲಿ ಓದಿದ ಪ್ರಮಾಣಪತ್ರ ಬೇಕು. ಹಳ್ಳಿಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಬೆಳೆದು, ಕನ್ನಡದಲ್ಲೇ ಕಲಿತ ಮಗುವಾದರೂ ಮನೆಯಲ್ಲಿ ಓದಿದ ಕಾರಣಕ್ಕೆ ಈ ಎರಡನ್ನೂ ಕಳೆದುಕೊಳ್ಳುತ್ತದೆ. ಇದು ಚಿಕ್ಕ ನಷ್ಟವಲ್ಲ. ಮೊದಲ ವರ್ಷದಲ್ಲೇ ತಿಳಿದು, ಒಪ್ಪಿ, ಆಮೇಲೆ ಈ ದಾರಿ ಹಿಡಿಯಬೇಕು.

ಬಿಎ, ಬಿಎಸ್ಸಿ, ಬಿಕಾಂ ಓದುವವರಿಗೆ ಇಷ್ಟು ತೊಡಕಿಲ್ಲ. ಮಹಾರಾಜ ಕಾಲೇಜು, ಯುವರಾಜ ಕಾಲೇಜುಗಳಂಥ ಕಡೆ ಮುಖ್ಯವಾಗಿ ನೋಡುವುದು ಪಿಯುಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆಯ ಅಂಕಗಳನ್ನು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್‌ಗೆ ಓಪನ್ ಸ್ಕೂಲ್‌ನ, ಅಂದರೆ ತರಗತಿಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದಾದ ಮುಕ್ತ ಶಾಲೆಯ, 12ನೇ ತರಗತಿಯೂ ನಡೆಯುತ್ತದೆ, ಕನಿಷ್ಠ ಐದು ವಿಷಯಗಳಿರಬೇಕು ಅಷ್ಟೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಓಪನ್ ಸ್ಕೂಲ್‌ನವರು ಬರೆಯಬಹುದೇ ಎಂಬ ಗೊಂದಲ 2024ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಪರಿಹಾರವಾಯಿತು. ಮಾನ್ಯತೆ ಇರುವ ಓಪನ್ ಸ್ಕೂಲ್‌ನವರೂ ಅದನ್ನು ಬರೆಯಬಹುದು. ಆದರೆ ನೀಟ್ ಬರೆಯುವ ಅರ್ಹತೆ ಬೇರೆ, ರಾಜ್ಯದ ಕೋಟಾದ ಸೀಟಿನ ಅರ್ಹತೆ ಬೇರೆ ಎಂಬುದನ್ನು ಮರೆಯಬಾರದು.

ಹತ್ತನೇ ತರಗತಿಯನ್ನು ಯಾವಾಗ ಬರೆಯಿಸಬೇಕು

ಮನೆಯಲ್ಲಿ ಓದಿದವರು ಬಹುವಾಗಿ ಆರಿಸಿಕೊಳ್ಳುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು, ಅಂದರೆ ಎನ್‌ಐಒಎಸ್ ಅನ್ನು. ಹತ್ತನೇ ತರಗತಿಗೆ ನೋಂದಾಯಿಸಲು ಹದಿನಾಲ್ಕು ವರ್ಷ ತುಂಬಿದ್ದರೆ ಸಾಕು. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ವಿಷಯಗಳನ್ನು ಒಂದೊಂದಾಗಿ ಮುಗಿಸಿಕೊಳ್ಳಬಹುದು. ಈ ಸಡಿಲಿಕೆ ಒಳ್ಳೆಯದೇ. ಆದರೆ ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದರೆ ಫಲಿತಾಂಶ ಬರುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಇಲ್ಲಿನ ಪಿಯು ಕಾಲೇಜುಗಳಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರ ದಾಖಲಾತಿ ಬಹುಮಟ್ಟಿಗೆ ಮುಗಿದಿರುತ್ತದೆ, ಒಳ್ಳೆಯ ಕಾಲೇಜುಗಳ ವಿಜ್ಞಾನ ವಿಭಾಗ ಭರ್ತಿಯಾಗಿರುತ್ತದೆ. ಹಿಂದಿನ ಅಕ್ಟೋಬರ್‌ನಲ್ಲೇ ಪರೀಕ್ಷೆ ಮುಗಿಸಿದರೆ ಅಂಕಪಟ್ಟಿ, ವಲಸೆ ಪ್ರಮಾಣಪತ್ರ ಎರಡೂ ಮೇ ತಿಂಗಳಿಗೆ ಮುನ್ನ ಕೈಯಲ್ಲಿರುತ್ತವೆ.

ವಿಷಯ ಆರಿಸುವಾಗಲೂ ಮುಂದಾಲೋಚನೆ ಬೇಕು. ಗಣಿತ ಬಿಟ್ಟು ಸುಲಭವಾದ ಐದು ವಿಷಯಗಳಲ್ಲಿ ಪಾಸಾಗಲು ಅವಕಾಶವಿದೆಯೆಂದು ಹಾಗೆ ಮಾಡಿದರೆ ಹದಿನೈದನೇ ವಯಸ್ಸಿಗೇ ವಿಜ್ಞಾನ ವಿಭಾಗದ ದಾರಿ ಕಟ್ಟಿಕೊಂಡಂತಾಗುತ್ತದೆ. ಮಗುವಿನ ಒಲವು ಸ್ಪಷ್ಟವಾಗದಿದ್ದರೆ ಗಣಿತ, ವಿಜ್ಞಾನ, ಇಂಗ್ಲಿಷ್, ಕನ್ನಡ ಈ ನಾಲ್ಕನ್ನೂ ಇಟ್ಟುಕೊಂಡು ಐದನೆಯದನ್ನು ಅದರ ಇಷ್ಟಕ್ಕೆ ಬಿಡಬಹುದು.

ಹನ್ನೆರಡನೇ ತರಗತಿಯನ್ನೂ ಮನೆಯಿಂದಲೇ ಮುಗಿಸಬೇಕೆ ಎಂದು ಕೇಳಿದರೆ, ಬೇಡವೆಂಬುದೇ ನನ್ನ ಸಲಹೆ. ತಂದೆತಾಯಿಗಳ ಏಳು ವರ್ಷದ ವ್ಯಾಸಂಗದ ಬಗ್ಗೆ ಮೇಲೆ ಹೇಳಿದ ಕಲಮಿನ ಲಾಭ ಸಿಗುವುದು ಕಾಲೇಜಿಗೆ ಹಾಜರಾದ ಪಿಯುಸಿಯಿಂದ ಮಾತ್ರ ಎಂಬುದು ಒಂದು ಕಾರಣ. ಪದವಿ ತರಗತಿಯ ಕ್ರಮಕ್ಕೆ ಹೊಂದಿಕೊಳ್ಳಲು ಈ ಎರಡು ವರ್ಷಗಳಷ್ಟು ಒಳ್ಳೆಯ ತಾಲೀಮು ಬೇರೆಲ್ಲೂ ಸಿಗದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಬರೆಯುವ ರೂಢಿ

ಪಾಂಡವಪುರದ ಕಡೆಯ ಹಳ್ಳಿಯೊಂದರಿಂದ ಬಂದ ಹುಡುಗಿಯೊಬ್ಬಳು, ಹತ್ತನೇ ತರಗತಿವರೆಗೂ ಮನೆಯಲ್ಲೇ ಓದಿದವಳು, ಪ್ರಥಮ ಪಿಯುಸಿಗೆ ನಮ್ಮ ತರಗತಿಗೆ ಸೇರಿದಳು. ಕಬ್ಬು, ಭತ್ತ ಬೆಳೆಯುವ ಮನೆ. ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುವ ಕೆಆರ್‌ಎಸ್ ಒಳಹರಿವಿನ ಅಂಕಿಗಳನ್ನು ತಂದೆಯ ಜೊತೆ ಕೂತು ಲೆಕ್ಕ ಹಾಕುತ್ತಿದ್ದಳಂತೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾದರೆ ಒಂದೇ ದಿನದಲ್ಲಿ ಒಂದು ಟಿಎಂಸಿ ನೀರು ಬರಬೇಕಾದರೆ ಸುಮಾರು 11,574 ಕ್ಯೂಸೆಕ್ ಒಳಹರಿವು ಇರಬೇಕು. ಇದನ್ನು ಅವಳು ಕಪ್ಪುಹಲಗೆಯ ಮೇಲೆ ತಡವರಿಸದೆ ಮಾಡಿ ತೋರಿಸಿದಳು. ಏಕಮಾನಗಳ ಪಾಠವನ್ನು ಅವಳಿಗೆ ಹೊಸದಾಗಿ ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಅದೇ ಹುಡುಗಿಯ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ನನ್ನ ಕಣ್ಣಮುಂದೆ ಈಗಲೂ ಇದೆ. ಎರಡು ಅಂಕದ ಪ್ರಶ್ನೆಗೆ ಒಂದೂವರೆ ಪುಟ, ಪಕ್ಕದಲ್ಲಿ ಅಂದವಾಗಿ ಬರೆದ ಚಿತ್ರ, ಒಂದೂ ತಪ್ಪಿಲ್ಲ. ನಾಲ್ಕನೇ ಪ್ರಶ್ನೆಯ ನಡುವೆ ವಾಕ್ಯ ಅರ್ಧಕ್ಕೆ ನಿಂತಿತ್ತು. ಅಲ್ಲಿಂದಾಚೆ ಹಾಳೆಗಳು ಖಾಲಿ. ಪ್ರಶ್ನೆಯನ್ನು ಪೂರ್ತಿ ಅರಿಯುವವರೆಗೆ ಬಿಡದ ಗುಣವನ್ನು ಮನೆ ಅವಳಿಗೆ ಕೊಟ್ಟಿತ್ತು. ಅಂಕಕ್ಕೆ ತಕ್ಕಷ್ಟು ಬರೆದು ಮುಂದೆ ಹೋಗುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನು ಮನೆಯಲ್ಲೇ ಕಲಿಸಬಹುದು. ಪಿಯುಸಿ ಭೌತಶಾಸ್ತ್ರದ ಬರಹದ ಪರೀಕ್ಷೆ 70 ಅಂಕಗಳಿಗೆ, ಸಮಯ ಮೂರು ಗಂಟೆ. ಹಂಚಿ ನೋಡಿದರೆ ಅಂಕವೊಂದಕ್ಕೆ ಸುಮಾರು ಎರಡೂವರೆ ನಿಮಿಷ ಸಿಗುತ್ತದೆ. ಎರಡು ಅಂಕದ ಉತ್ತರ ಐದು ನಿಮಿಷದಲ್ಲಿ, ಐದು ಅಂಕದ್ದು ಹನ್ನೆರಡು ನಿಮಿಷದಲ್ಲಿ ಮುಗಿಯಬೇಕು. ಮಗುವಿಗೆ ಹದಿಮೂರು ತುಂಬಿದ ಮೇಲೆ ವಾರಕ್ಕೊಂದು ದಿನ ಗೊತ್ತುಮಾಡಿ, ಮೊದಲು ನಲವತ್ತು ನಿಮಿಷದ ಪ್ರಶ್ನೆಪತ್ರಿಕೆ ಕೊಡಿ. ಗೆರೆಹಾಕಿದ ಹಾಳೆ, ಪೆನ್ನು, ಎದುರಿಗೊಂದು ಗಡಿಯಾರ ಇಷ್ಟೇ ಇರಲಿ. ನಡುವೆ ಏಳುವಂತಿಲ್ಲ, ಪುಸ್ತಕ ತೆರೆಯುವಂತಿಲ್ಲ, ಸಮಯವಾದೊಡನೆ ವಾಕ್ಯ ಅರ್ಧವಾಗಿದ್ದರೂ ಹಾಳೆ ಕೊಟ್ಟುಬಿಡಬೇಕು. ಆರೇಳು ತಿಂಗಳಲ್ಲಿ ಒಂದೂವರೆ ಗಂಟೆಗೆ, ಒಂದು ವರ್ಷದ ಹೊತ್ತಿಗೆ ಮೂರು ಗಂಟೆಗೆ ಏರಿಸಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ತನ್ನ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಪ್ರಕಟಿಸುತ್ತದೆ. ಮಾದರಿ ಉತ್ತರ ಸಿಕ್ಕಲ್ಲಿ ಅಂಕ ಯಾವ ಹೆಜ್ಜೆಗೆ ಬೀಳುತ್ತದೆಂದು ಮಗುವಿನ ಜೊತೆ ಕೂತು ನೋಡಿ.

ಆ ಹಾಳೆಗಳನ್ನು ತಿದ್ದುವವರು ತಂದೆತಾಯಿಗಳಾಗದಿರುವುದು ಒಳ್ಳೆಯದು. ಮಗು ಏನು ಹೇಳಲು ಹೊರಟಿದೆಯೆಂದು ನಮಗೆ ಮೊದಲೇ ಗೊತ್ತಿರುವುದರಿಂದ ಬರೆಯದೆ ಬಿಟ್ಟದ್ದನ್ನೂ ನಾವೇ ತುಂಬಿಕೊಂಡು ಓದುತ್ತೇವೆ. ಮೈಸೂರಿನ ಯಾವ ಬಡಾವಣೆಗೆ ಹೋದರೂ ನಿವೃತ್ತ ಮೇಷ್ಟರೊಬ್ಬರು ಸಿಗುತ್ತಾರೆ. ತಿಂಗಳಿಗೆ ನಾಲ್ಕು ಪತ್ರಿಕೆ ತಿದ್ದಿಕೊಡಿ ಎಂದರೆ ಸಂತೋಷದಿಂದ ಒಪ್ಪುವವರೇ ಹೆಚ್ಚು.

ತರಗತಿಯೊಳಗೆ

ಮನೆಯಲ್ಲಿ ಕಲಿತ ಮಗು ಪುಸ್ತಕದಿಂದ ಕಲಿಯುವುದನ್ನು ಚೆನ್ನಾಗಿ ಬಲ್ಲದು, ಒಬ್ಬರ ಮಾತನ್ನು ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳುವುದು ಅದಕ್ಕೆ ಹೊಸದು. ಆಕಾಶವಾಣಿಯ ಭಾಷಣವನ್ನೋ ಧ್ವನಿಮುದ್ರಿತ ಉಪನ್ಯಾಸವನ್ನೋ ಎಲ್ಲಿಯೂ ನಿಲ್ಲಿಸದೆ ಒಮ್ಮೆ ಕೇಳಿಸಿ, ಮುಗಿದ ಮೇಲೆ ಟಿಪ್ಪಣಿ ನೋಡಿಕೊಂಡು ಸಾರವನ್ನು ಹೇಳಿಸಿ. ವಿಜ್ಞಾನ ಪಿಯುಸಿಯಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳಿವೆ, ಪಾಠ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಕನ್ನಡದಲ್ಲಿ ಕಲಿತ ಮಗು ಹಿಂದಿನ ವರ್ಷವೇ ಒಂಬತ್ತು ಮತ್ತು ಹತ್ತನೇ ತರಗತಿಯ ಇಂಗ್ಲಿಷ್ ವಿಜ್ಞಾನ ಪುಸ್ತಕಗಳನ್ನು ಗಟ್ಟಿಯಾಗಿ ಓದಿಕೊಂಡಿರಲಿ. ಪ್ರಯೋಗಾಲಯದ 30 ಅಂಕಗಳ ಸಲುವಾಗಿ ಸಣ್ಣ ಉದ್ದಗಳನ್ನು ನಿಖರವಾಗಿ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್ ಕೊಂಡು, ಬಳೆ, ಪೈಪು, ನಾಣ್ಯ, ಏನು ಸಿಕ್ಕಿದರೂ ಅಳೆದು, ಪ್ರತಿ ಅಳತೆಯನ್ನೂ ಕೋಷ್ಟಕದಲ್ಲಿ ಬರೆಯುವ ಅಭ್ಯಾಸ ಮಾಡಿಸಿದರೆ ರೆಕಾರ್ಡ್ ಪುಸ್ತಕ ಭಯ ಹುಟ್ಟಿಸುವುದಿಲ್ಲ.

ಶೇ. 75ರಷ್ಟು ಹಾಜರಾತಿ ಕಡ್ಡಾಯ. ಇಷ್ಟವಾಗದ ಪಾಠಕ್ಕೂ ಕೂರಬೇಕು, ಒಪ್ಪದ ಉಪನ್ಯಾಸಕರಿಂದಲೂ ಕಲಿಯಬೇಕು. ಮನೆಯವರಲ್ಲದವರು ನಡೆಸುವ, ಗೊತ್ತಾದ ವೇಳೆಗೆ ಆರಂಭವಾಗುವ ಒಂದು ತರಗತಿಗಾದರೂ ಮಗು ಎರಡು ವರ್ಷ ಬಿಡದೆ ಹೋಗಿರುವುದು ಇದಕ್ಕೆ ನೆರವಾಗುತ್ತದೆ. ಸಂಗೀತವಾದರೂ ಸರಿ, ಯೋಗವಾದರೂ ಸರಿ. ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳಲ್ಲಿ ಹತ್ತಾರು ಅಪರಿಚಿತ ಮಕ್ಕಳ ನಡುವೆ ತನ್ನ ಸರದಿಗೆ ಕಾಯುವುದನ್ನು ಕಲಿತು ಬಂದವರಿಗೂ, ಹಾಗೆ ಎಲ್ಲೂ ಹೋಗದವರಿಗೂ ಇರುವ ವ್ಯತ್ಯಾಸ ಮೊದಲ ವಾರದಲ್ಲೇ ಕಾಣುತ್ತದೆ.

ಕಾಲೇಜು ಸೇರಿದ ಮೊದಲ ಮೂರು ತಿಂಗಳು ಅಂಕ ಕಡಿಮೆ ಬರುವುದು ಸಹಜ. ಆಗ ಮಗುವನ್ನು ಬಿಡಿಸಿ ಮನೆಗೆ ಕರೆದೊಯ್ಯುವ ಯೋಚನೆ ಮಾಡಬೇಡಿ, ಟ್ಯೂಷನ್ನಿಗೂ ಆತುರಪಡಬೇಡಿ. ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದುಕೊಂಡು ಉಪನ್ಯಾಸಕರ ಬಳಿಗೆ ಮಗುವೇ ಹೋಗಿ, ಎಲ್ಲಿ ಅಂಕ ಹೋಯಿತೆಂದು ಕೇಳಲಿ. ನೀವು ಜೊತೆಯಲ್ಲಿ ಹೋಗುವುದು ಬೇಡ. ಪಾಂಡವಪುರದ ಆ ಹುಡುಗಿ ಪ್ರತಿ ಪರೀಕ್ಷೆಯಾದ ಮೇಲೂ ಹಾಗೆಯೇ ಬರುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಎಲ್ಲ ಪ್ರಶ್ನೆಗಳನ್ನೂ ಬರೆದಿದ್ದಳು.