ಕವಾಟದ ಆಪರೇಷನ್‌ಗೆ ಮೊದಲಿನ ವಾರಗಳು: ಹೃದಯ ವೈಫಲ್ಯ ಇರುವವರು ಸಿದ್ಧವಾಗುವುದು ಹೇಗೆ?

ಹೃದಯದ ಕವಾಟಕ್ಕೆ ಆಪರೇಷನ್ ಬೇಕು ಎಂದು ತೀರ್ಮಾನವಾದ ದಿನದಿಂದ ಆಪರೇಷನ್ ಆಗುವ ದಿನದವರೆಗೆ ಸಾಮಾನ್ಯವಾಗಿ ಕೆಲವು ವಾರಗಳಾದರೂ ಸಿಗುತ್ತವೆ. ಹೃದಯ ವೈಫಲ್ಯವೂ ಜೊತೆಗಿದ್ದರೆ ಈ ವಾರಗಳೂ ಚಿಕಿತ್ಸೆಯ ಭಾಗವೇ. ಮೈಯಲ್ಲಿ ನೀರು ತುಂಬಿಕೊಂಡೇ ಟೇಬಲ್ ಮೇಲೆ ಮಲಗಿದರೆ ವೆಂಟಿಲೇಟರ್‌ ತೆಗೆಯುವುದು ತಡವಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಎಷ್ಟೋ ಸಲ ದಿನಾಂಕವನ್ನೇ ಮುಂದೂಡಬೇಕಾಗುತ್ತದೆ. ಇದರಲ್ಲಿ ಬಹುಪಾಲನ್ನು ಮನೆಯಲ್ಲೇ ತಡೆಯಬಹುದು.

ನಿಮ್ಮ ಕವಾಟದ ತೊಂದರೆ ಯಾವುದು?

ಕವಾಟ ಕಿರಿದಾಗಿದೆಯೇ, ಸೋರುತ್ತಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮಹಾಪಧಮನಿಯ ಕವಾಟ ತೀರಾ ಕಿರಿದಾಗಿರುವವರು ಜೋರಾಗಿ ಮೆಟ್ಟಿಲು ಹತ್ತುವುದು, ಭಾರ ಎಳೆಯುವುದು ಮಾಡಬಾರದು. ಎಚ್ಚರ ತಪ್ಪಿ ಬೀಳುವ ಅಪಾಯವಿದೆ. ಮೈಟ್ರಲ್ ಕವಾಟ (ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನದು) ಸೋರುವವರಿಗೆ ಬೇರೆ ಮಾತು. ಎಕೋ (ಹೃದಯದ ಸ್ಕ್ಯಾನ್) ವರದಿಯಲ್ಲಿ ‘ಇಎಫ್ 55’ ಎಂದಿದ್ದರೆ, ಅಂದರೆ ಹೃದಯದ ಕೋಣೆ ತನ್ನಲ್ಲಿರುವ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ 55ರಷ್ಟನ್ನು ಹೊರತಳ್ಳುತ್ತಿದ್ದರೆ, ಹೃದಯ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಪಂಪ್ ಮಾಡಿದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೇ ಸೋರುತ್ತಿರುವುದರಿಂದ ಆ ಸಂಖ್ಯೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸೋರಿಕೆ ತೀವ್ರವಾಗಿದ್ದಾಗ 60ಕ್ಕೆ ಇಳಿದರೇ ಹೃದಯ ದಣಿಯುತ್ತಿದೆ ಎಂದು ಲೆಕ್ಕ.

ಕವಾಟವನ್ನು ರಿಪೇರಿ ಮಾಡುತ್ತಾರೋ, ಬದಲಿಸುತ್ತಾರೋ ಎಂಬುದನ್ನೂ ಕೇಳಿ. ಲೋಹದ ಕವಾಟ ದಶಕಗಟ್ಟಲೆ ಬಾಳುತ್ತದೆ, ಆದರೆ ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗಬೇಕು. ಪ್ರಾಣಿಯ ಅಂಗಾಂಶದ ಕವಾಟ ಸುಮಾರು 10ರಿಂದ 15 ವರ್ಷ ಬರುತ್ತದೆ. ವಯಸ್ಸು, ರಕ್ತಸ್ರಾವದ ಭಯ, ಮುಂದೆ ಗರ್ಭಿಣಿಯಾಗುವ ಯೋಚನೆ ಇದೆಯೇ ಎಂಬುದನ್ನೆಲ್ಲ ಮುಂದಿಟ್ಟುಕೊಂಡು ಆಪರೇಷನ್‌ಗೆ ಮೊದಲೇ ಮಾತಾಡಿ ತೀರ್ಮಾನಿಸಬೇಕು. ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ವಿಧಾನ 2002ರಿಂದ ಬಂದಿದೆ. ಅದು ನಿಮಗೆ ಹೊಂದುತ್ತದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ತೂಕದ ಪುಸ್ತಕ

ಇಡೀ ಸಿದ್ಧತೆಯಲ್ಲಿ ಅತಿ ಮುಖ್ಯವಾದ ಉಪಕರಣ ಮನೆಯ ತೂಕದ ಯಂತ್ರ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ಕುಡಿಯುವ ಮೊದಲು, ದಿನವೂ ಒಂದೇ ರೀತಿಯ ತೆಳು ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಯಂತ್ರ ಗಟ್ಟಿ ನೆಲದ ಮೇಲಿರಲಿ. ಚಾಪೆ, ಜಮಖಾನದ ಮೇಲಿಟ್ಟರೆ ಲೆಕ್ಕ ತಪ್ಪುತ್ತದೆ. ಊತ ಇಳಿದು ಉಸಿರು ಸಲೀಸಾಗಿರುವ ದಿನದ ತೂಕವನ್ನು ‘ಒಣ ತೂಕ’ ಎನ್ನುತ್ತಾರೆ. ನಿಮ್ಮ ಒಣ ತೂಕ ಎಷ್ಟು ಎಂದು ವೈದ್ಯರನ್ನು ಕೇಳಿ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.

ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ಫೋನ್ ಮಾಡಿ. ಮುಂದಿನ ಭೇಟಿಯವರೆಗೆ ಕಾಯಬೇಡಿ. ಸಂಜೆ ಹೊತ್ತು ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿನಿಂದ 10 ಸೆಕೆಂಡು ಒತ್ತಿ ನೋಡಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ಅದನ್ನೂ ಬರೆಯಿರಿ. ರಾತ್ರಿ ಎಷ್ಟು ದಿಂಬು ಬೇಕಾಯಿತು ಎಂಬುದೂ ಅಷ್ಟೇ ಮುಖ್ಯ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಮೂರಕ್ಕೆ ಬಂದಿದ್ದರೆ ಕಾಲು ಊದದಿದ್ದರೂ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ಅರಿವಳಿಕೆ ತಜ್ಞರು ಈ ದಿಂಬಿನ ಲೆಕ್ಕವನ್ನು ಖಂಡಿತ ಕೇಳುತ್ತಾರೆ.

ತೂಕ ಕಡಿಮೆಯಾದಷ್ಟೂ ಒಳ್ಳೆಯದು ಎಂದೂ ತಿಳಿಯಬೇಡಿ. ವಾಂತಿ, ಭೇದಿ ಆಗುತ್ತಿರುವಾಗಲೂ ಮೂತ್ರ ಹೋಗಿಸುವ ಮಾತ್ರೆಯನ್ನು ಎಂದಿನಂತೆ ನುಂಗಿದರೆ ಮೈ ಅತಿಯಾಗಿ ಒಣಗಿ ತಲೆ ಸುತ್ತುತ್ತದೆ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಏರುತ್ತದೆ. ಆಗಲೂ ಫೋನ್ ಮಾಡಲೇಬೇಕು. ಇನ್ನೊಂದು ಮೋಸವಿದೆ. ಹಸಿವಿಲ್ಲದೆ ಮಾಂಸಖಂಡ ಕರಗುತ್ತಾ ಅದರ ಜಾಗಕ್ಕೆ ನೀರು ಸೇರಿದರೆ ಯಂತ್ರದಲ್ಲಿ ತೂಕ ಅಲುಗಾಡುವುದೇ ಇಲ್ಲ. ಅದಕ್ಕೇ ಗುಳಿ ಮತ್ತು ದಿಂಬಿನ ಲೆಕ್ಕ ಬೇಕು ಎನ್ನುವುದು.

ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂಥ ಮಾತ್ರೆಗಳ ಜೊತೆ ಅದು ಸೇರಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ನೀರಿನ ಮಿತಿ ಎಲ್ಲರಿಗೂ ಒಂದೇ ಅಲ್ಲ. ನಿಮಗೆ 1.5 ಲೀಟರ್ ಹೇಳಿದ್ದರೆ ಬೆಳಿಗ್ಗೆಯೇ ಅಷ್ಟು ನೀರನ್ನು ಬಾಟಲಿಯಲ್ಲಿ ತುಂಬಿಟ್ಟುಕೊಂಡು, ಕಾಫಿ, ಟೀ, ಸೂಪು ಕುಡಿದಾಗಲೆಲ್ಲ ಅಷ್ಟೇ ನೀರನ್ನು ಅದರಿಂದ ಚೆಲ್ಲಿಬಿಡಿ. ಲೆಕ್ಕ ಕಣ್ಣಿಗೇ ಕಾಣುತ್ತದೆ.

ಯಾವ ಮಾತ್ರೆ, ಯಾವಾಗ ನಿಲ್ಲಿಸಬೇಕು?

ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ. ಕೆಳಗಿನದು ಸಾಮಾನ್ಯ ರೂಢಿ ಮಾತ್ರ. ನಿಮ್ಮ ಮಾತ್ರೆಗಳ ಪಟ್ಟಿಯನ್ನು ಸರ್ಜನ್ ತಂಡಕ್ಕೆ ಕೊಟ್ಟು, ಪ್ರತಿಯೊಂದರ ಮುಂದೆ ‘ಕೊನೆಯ ಡೋಸ್ ಯಾವ ದಿನ’ ಎಂದು ಅವರಿಂದಲೇ ಬರೆಸಿಕೊಳ್ಳಿ. ಬಾಯಿಮಾತಿನ ಸೂಚನೆ ಸಾಲದು.

ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲುತ್ತದೆ. ಈಗಾಗಲೇ ಲೋಹದ ಕವಾಟ ಇರುವವರಿಗೆ ಆ ನಡುವೆ ಹೆಪಾರಿನ್ ಇಂಜೆಕ್ಷನ್ ಬೇಕಾಗಬಹುದು. ಅಪಿಕ್ಸಬಾನ್, ರಿವರಾಕ್ಸಬಾನ್ 2–3 ದಿನ ಮೊದಲು ನಿಲ್ಲುತ್ತವೆ, ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಮುಂಚೆ. ಕ್ಲೊಪಿಡೊಗ್ರೆಲ್ 5 ದಿನ. ಆಸ್ಪಿರಿನ್ ಅನ್ನು ಅನೇಕರಿಗೆ ಮುಂದುವರಿಸುತ್ತಾರೆ, ಹಾಗಾಗಿ ಕೇಳದೆ ಬಿಡಬೇಡಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದವರೂ ಹೃದಯ ವೈಫಲ್ಯಕ್ಕೆಂದು ಇವನ್ನು ತೆಗೆದುಕೊಳ್ಳುವುದರಿಂದ ಪಟ್ಟಿಯಲ್ಲಿ ಇವು ಮರೆತುಹೋಗುತ್ತವೆ. ಉಪವಾಸ ಮತ್ತು ಆಪರೇಷನ್ನಿನ ಒತ್ತಡ ಸೇರಿದಾಗ ರಕ್ತದ ಸಕ್ಕರೆ ಸರಿಯಾಗಿ ಕಾಣುತ್ತಿದ್ದರೂ ಒಳಗೆ ಕೀಟೋನ್ ಆಮ್ಲ ಏರುವುದುಂಟು. ಇದನ್ನು ಪತ್ತೆ ಹಚ್ಚುವುದು ಕಷ್ಟ, ಆದ್ದರಿಂದಲೇ ಅಪಾಯ ಹೆಚ್ಚು. ರಾಮಿಪ್ರಿಲ್, ಲೊಸಾರ್ಟಾನ್, ಸಕುಬಿಟ್ರಿಲ್ ಬೆರೆತ ಮಾತ್ರೆಗಳನ್ನು ಹಲವು ಕಡೆ 24 ಗಂಟೆ ಮೊದಲು ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಹೃದಯ–ಶ್ವಾಸಕೋಶ ಯಂತ್ರಕ್ಕೆ ಜೋಡಿಸಿದಾಗ ಬಿಪಿ ಕುಸಿದು ಮೇಲೇಳುವುದೇ ಇಲ್ಲ ಎಂಬ ಪರಿಸ್ಥಿತಿ ಬರಬಹುದು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳದ್ದು ಇದಕ್ಕೆ ವಿರುದ್ಧ. ಅವನ್ನು ಥಟ್ಟನೆ ಬಿಟ್ಟರೆ ಬಡಿತ ಓಟ ಕೀಳುತ್ತದೆ. ಆಪರೇಷನ್ ದಿನದ ಬೆಳಿಗ್ಗೆಯೂ ಗುಟುಕು ನೀರಿನಲ್ಲಿ ನುಂಗಲು ಹೇಳುವುದೇ ಹೆಚ್ಚು.

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಲೇಬೇಡಿ. ಅವು ಉಪ್ಪು–ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಗಿಡಮೂಲಿಕೆ ಮಾತ್ರೆ, ಮೀನಿನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್ ಏನೇ ಇದ್ದರೂ ಮುಚ್ಚಿಡದೆ ಹೇಳಿ.

ಹಲ್ಲು, ಚರ್ಮ, ಮೂಗು

ಹೊಸ ಕವಾಟಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ರೋಗಾಣು ರಕ್ತಕ್ಕೆ ಇಳಿಯುವ ದೊಡ್ಡ ದಾರಿ ಬಾಯಿ. ದಿನಾಂಕ ಗೊತ್ತಾದ ಕೂಡಲೇ ದಂತವೈದ್ಯರ ಬಳಿ ಹೋಗಿ. ಹಲ್ಲು ಕೀಳಿಸಬೇಕಿದ್ದರೆ ವಸಡು ಮಾಯಲು ಸುಮಾರು 2 ವಾರ ಬೇಕು. ದಂತವೈದ್ಯರ ಕುರ್ಚಿಯಲ್ಲಿ ಪೂರ್ತಿ ಒರಗಿದರೆ ಉಸಿರು ಕಟ್ಟುವವರು ಮೊದಲೇ ಹೇಳಿ, ಅರ್ಧ ಕೂತ ಭಂಗಿಯಲ್ಲೇ ಚಿಕಿತ್ಸೆ ಮಾಡಿಸಿಕೊಳ್ಳಬಹುದು. ಹಲ್ಲಿಗಾಗಿ ವಾರ್ಫರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಮೂಗಿನೊಳಗಿನ ಸ್ವಾಬ್ ಪರೀಕ್ಷೆಯಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಕಂಡರೆ ಮುಪಿರೊಸಿನ್ ಮುಲಾಮನ್ನು 5 ದಿನ ಹಚ್ಚಲು ಕೊಡುತ್ತಾರೆ. ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ ಕ್ಲೋರ್‌ಹೆಕ್ಸಿಡಿನ್ ಸೋಪಿನ ಸ್ನಾನ. ಎದೆಯ ಕೂದಲನ್ನು ಮನೆಯಲ್ಲಿ ರೇಜರ್‌ನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗಾಯಗಳಲ್ಲೇ ಸೋಂಕು ಕೂರುತ್ತದೆ. ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಜ್ವರ, ಕೆಮ್ಮು, ಉರಿಮೂತ್ರ, ಕಾಲಿನ ಹುಣ್ಣು, ಯಾವುದಿದ್ದರೂ ದಿನಾಂಕ ತಪ್ಪೀತೆಂದು ಮರೆಮಾಚಬೇಡಿ.

ರಕ್ತ, ಉಸಿರು, ನಡಿಗೆ

ಹಿಮೋಗ್ಲೋಬಿನ್ ಜೊತೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ಹೃದಯ ವೈಫಲ್ಯ ಇರುವವರಿಗೆ ಕಬ್ಬಿಣದ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಕೊರತೆ ಇದ್ದರೆ ರಕ್ತನಾಳದ ಮೂಲಕ ಕೊಡುತ್ತಾರೆ, ಅದು ಕೆಲಸ ಮಾಡಲು ವಾರಗಳು ಬೇಕು. ಆದ್ದರಿಂದ ಈ ಪರೀಕ್ಷೆ ಮೊದಲ ವಾರದಲ್ಲೇ ಆಗಲಿ. ಸಿಗರೇಟು ಇಂದೇ ನಿಲ್ಲಲಿ.

ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟಿದ್ದರೆ ಊದಬೇಡಿ, ನಿಧಾನವಾಗಿ ಒಳಗೆ ಎಳೆಯಿರಿ. ಚೆಂಡು ಮೇಲೇರಿದಾಗ 3 ಸೆಕೆಂಡು ತಡೆಯಿರಿ. ಆಪರೇಷನ್ ಆದ ಮೇಲೆ ಎಚ್ಚರವಿರುವಾಗ ಗಂಟೆಗೆ 10 ಸಲ ಇದನ್ನೇ ಮಾಡಿಸುತ್ತಾರೆ. ಈಗಲೇ ಕಲಿತರೆ ಆಗ ನೋವಿನಲ್ಲಿ ಕಲಿಯುವುದು ತಪ್ಪುತ್ತದೆ. ವೈದ್ಯರು ಒಪ್ಪಿದರೆ ಮಾತಾಡುತ್ತಾ ನಡೆಯಬಲ್ಲಷ್ಟು ವೇಗದಲ್ಲಿ ನಡೆಯಿರಿ. ವಾಕ್ಯ ಮುಗಿಸಲಾಗದೆ ಏದುಸಿರು ಬಂದರೆ ನಿಲ್ಲಿ.

ಹಿಂದಿನ ದಿನ, ಮುಂದಿನ ವಾರಗಳು

ಸಾಮಾನ್ಯವಾಗಿ ಊಟ 6 ಗಂಟೆ ಮೊದಲು, ತಿಳಿನೀರು 2 ಗಂಟೆ ಮೊದಲು ನಿಲ್ಲುತ್ತದೆ. ಉಗುರಿನ ಬಣ್ಣ ತೆಗೆಯಿರಿ. ಕನ್ನಡಕ, ಶ್ರವಣ ಸಾಧನ ಜೊತೆಗಿರಲಿ. ಐಸಿಯುನಲ್ಲಿ ಹಿರಿಯರಿಗೆ ಬರುವ ಗೊಂದಲ ಅವು ಕೈಗೆ ಸಿಕ್ಕರೆ ಕಡಿಮೆಯಾಗುತ್ತದೆ. ಆಪರೇಷನ್ ಆದ ಕೆಲವು ದಿನಗಳಲ್ಲಿ ಕನಿಷ್ಠ ಮೂವರಲ್ಲಿ ಒಬ್ಬರಿಗೆ ಬಡಿತ ತಾಳ ತಪ್ಪುತ್ತದೆ. ಗಾಬರಿ ಬೇಡ, ಚಿಕಿತ್ಸೆ ಇದೆ.

ಎದೆ ತೆರೆದಿದ್ದರೆ ಎದೆಮೂಳೆ ಕೂಡಲು 6ರಿಂದ 12 ವಾರ ಬೇಕು. ಅಷ್ಟು ದಿನ 4–5 ಕಿಲೋಗಿಂತ ಹೆಚ್ಚು ಎತ್ತಬಾರದು, ಕೈಯೂರಿ ಮೇಲೇಳಬಾರದು. ಕೂತಲ್ಲಿಂದ ಕಾಲಿನ ಬಲದಲ್ಲೇ ಏಳುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಿ. ದಿನವೂ ಬೇಕಾಗುವ ಸಾಮಾನನ್ನು ಸೊಂಟದ ಎತ್ತರಕ್ಕೆ ತಂದಿಡಿ.

ಕವಾಟ ಸರಿಯಾಯಿತೆಂದು ಹೃದಯ ವೈಫಲ್ಯದ ಮಾತ್ರೆಗಳನ್ನು ಬಿಟ್ಟುಬಿಡುವ ತಪ್ಪು ಆಗಬಾರದು. ಮೈಟ್ರಲ್ ಸೋರಿಕೆ ನಿಂತ ಮೇಲಿನ ಮೊದಲ ಎಕೋದಲ್ಲಿ ಇಎಫ್ ಮೊದಲಿಗಿಂತ ಕಡಿಮೆ ಬರುವುದೂ ಉಂಟು. ಈಗ ಪೂರ್ತಿ ರಕ್ತವನ್ನು ಮುಂದಕ್ಕೇ ತಳ್ಳಬೇಕಾದ ಹೃದಯದ ನಿಜವಾದ ಬಲ ಅದು. ಸ್ನಾಯು ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯಬಹುದು. ಡಿಸ್ಚಾರ್ಜ್ ಆದ ಮರುದಿನ ಬೆಳಿಗ್ಗೆ ಮನೆಯ ಯಂತ್ರದಲ್ಲಿ ಬಂದ ತೂಕವನ್ನು ಪುಸ್ತಕದ ಹೊಸ ಪುಟದಲ್ಲಿ ಬರೆದು, ಹೊಸ ಒಣ ತೂಕ ಎಷ್ಟಿರಬೇಕೆಂದು ಮೊದಲ ಭೇಟಿಯಲ್ಲೇ ಕೇಳಿ.