ಸುಟ್ಟ ಗೆರೆ ಒಂದೇ ಸಮ ಬಂದಿದ್ದು ಹೀಗೆ

ಪೈನ್ ಹಲಗೆ ಮೇಲೆ ಪೈರೋಗ್ರಫಿ (ಬಿಸಿ ಪೆನ್ನಿಂದ ಮರ ಸುಟ್ಟು ಚಿತ್ರ ಬಿಡಿಸೋದು) ಮಾಡ್ವಾಗ ಗೆರೆ ಒಂದೇ ಸಮ ಬರ್ತಾನೇ ಇರ್ಲಿಲ್ಲ, ಮೆತ್ತಗಿನ ಪಟ್ಟೆ ಸಿಕ್ಕಿದ್ರೆ ನಿಬ್ ಒಳಗಿಳಿದು ಕಪ್ಪಾಗೋದು, ಪಕ್ಕದ ಗಟ್ಟಿ ಪಟ್ಟೆ ಬಂದ್ರೆ ಬರೀ ತಿಳಿ ಕಂದು, ಬಿಡಿಸ್ತಿದ್ದ ನವಿಲಿನ ಕತ್ತು ಏಣಿ ಥರ ಕಾಣ್ತಿತ್ತು. ಪೆನ್ ಸರಿಯಾಗೇ ಇತ್ತು, ತೊಂದ್ರೆ ಮರದ್ದು. ಚನ್ನಪಟ್ಟಣದ ಬೊಂಬೆಗೆ ಬಳಸ್ತಾರಲ್ಲ ಆ ಹಾಲೆ ಮರದ ತುಂಡು ತಗೊಂಡೆ, ಎಳೆ ನಯ. 220 ಗ್ರಿಟ್ ಮರಳು ಕಾಗದದಲ್ಲಿ ಉಜ್ಜಿ, ಒದ್ದೆ ಬಟ್ಟೆ ಒರೆಸಿ, ಒಣಗಿ ಎಳೆ ಎದ್ದ ಮೇಲೆ 320ರಲ್ಲಿ ಮತ್ತೆ ಉಜ್ಜಿದೆ. ಇನ್ನು ಗೆರೆ ಶುರುವಲ್ಲಿ ದಪ್ಪ ಚುಕ್ಕೆ ಬೀಳ್ತಿತ್ತು, ಅದಕ್ಕೆ ಪೆನ್ ತುದಿಗೆ ಒಂದ್ಸಲ ಉಫ್ ಅಂತ ಊದಿ, ಕೈ ಓಡ್ತಿರುವಾಗ್ಲೇ ಮರಕ್ಕೆ ತಾಗಿಸೋದು, ಓಡ್ತಿರುವಾಗ್ಲೇ ಎತ್ತೋದು. ಹೀಟ್ ಕಮ್ಮಿನೇ ಇರ್ಲಿ, ಬೇಕಾದ್ರೆ ಮತ್ತೊಂದು ಸಲ ಎಳೀರಿ. ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ) ಮಾತ್ರ ಬೇಡ, ಅಂಟಿನ ಹೊಗೆ ಒಳ್ಳೇದಲ್ಲ.